ಗ್ಯಾಸ್ ಎಂದು ಸೋಡಾ ಕುಡಿಯುವ ಮೊದಲು
(ಸುವರ್ಣ ಮಹೋತ್ಸವದಲ್ಲಿ ಮಾಡಿದ ಭಾಷಣ)



ನಾನು ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುವವನು, ವೈದ್ಯನಲ್ಲ. ಆದರೂ ಇಂದು ಎದೆನೋವಿನ ಬಗ್ಗೆ ನಾಲ್ಕು ಮಾತು ಆಡಬೇಕೆಂದಿದ್ದೇನೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಅಂದಿನಿಂದ ನಮ್ಮ ಓಣಿಗಳಲ್ಲಿ ಎರಡು ನಮೂನೆಯ ಹುಡುಗರನ್ನು ನೋಡುತ್ತಿದ್ದೇನೆ. ಎದೆ ಚುರ್ ಎಂದರೆ ಸಾಕು, ಹೆದರಿ ನಿದ್ದೆಗೆಡುವವರು ಒಂದು ಕಡೆ. ಏನೇ ಆದರೂ "ಗ್ಯಾಸ್ ಆಗೇತಿ, ಒಂದ್ ಸೋಡಾ ಕುಡದ್ರ ಹೊಕ್ಕೈತಿ" ಎನ್ನುವವರು ಇನ್ನೊಂದು ಕಡೆ.

ಹೆದರುವವರಿಗೆ ಮೊದಲು ಹೇಳುತ್ತೇನೆ. ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ ಬರುವ ಎದೆನೋವು ಬಹಳ ಸಲ ಹೃದಯದ್ದಾಗಿರುವುದಿಲ್ಲ. ಎರಡು ವರ್ಷದ ಹಿಂದೆ ನನಗೂ ಎಡಗಡೆ ನೋವು ಬಂದಿತ್ತು. ಇಸಿಜಿ ಸರಿ ಇತ್ತು. ಡಾಕ್ಟರು ಎದೆಮೂಳೆಯ ಪಕ್ಕ ಬೆರಳಿನಿಂದ ಒತ್ತಿದರು, ಅದೇ ನೋವು ಎದ್ದಿತು. ಪಕ್ಕೆಲುಬು ಎದೆಮೂಳೆಗೆ ಕೂಡುವ ಕಡೆ ಉರಿಯೂತವಾಗಿತ್ತು, ಅಷ್ಟೇ. ಕಬ್ಬಿನ ಹೊರೆ ಎತ್ತುವವರಿಗೆ ಸ್ನಾಯು ಹಿಡಿಯುತ್ತದೆ. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲೇರಿ ಎದೆ ಉರಿಯುತ್ತದೆ. ಸಾಲ, ಪರೀಕ್ಷೆ, ನೌಕರಿಯ ಚಿಂತೆಯಿಂದಲೂ ಎದೆ ಬಿಗಿಯುತ್ತದೆ. ದಯವಿಟ್ಟು ಅದನ್ನು ನಾಟಕ ಎನ್ನಬೇಡಿ, ಆ ನೋವೂ ನಿಜವೇ.

ಉಸಿರೆಳೆದಾಗ ಚುಚ್ಚಿ, ಜೊತೆಗೆ ಜ್ವರ ಕೆಮ್ಮು ಇದ್ದರೆ ಶ್ವಾಸಕೋಶದ ಸೋಂಕು ಇರಬಹುದು. ಕೆಮ್ಮು ಎರಡು ವಾರ ದಾಟಿದರೆ ಕಫ ಪರೀಕ್ಷೆ ಮಾಡಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲ. ಎತ್ತರದ, ತೆಳ್ಳಗಿನ ಹುಡುಗನಿಗೆ ಒಮ್ಮೆಲೇ ಒಂದು ಕಡೆ ಚುಚ್ಚಿ ಉಸಿರು ಸಾಲದಾದರೆ ಶ್ವಾಸಕೋಶದಿಂದ ಗಾಳಿ ಸೋರಿರಬಹುದು. ಅದು ಕಾಯುವ ಕಾಯಿಲೆಯಲ್ಲ.

ಇನ್ನು ಸೋಡಾದವರು. ನಡು ಎದೆಯ ಮೇಲೆ ಚೀಲ ಹೇರಿದಂತೆ ಭಾರ, ಅದು ಕೈಗೆ, ದವಡೆಗೆ, ಬೆನ್ನಿಗೆ ಹರಿಯುವುದು, ತಣ್ಣನೆಯ ಬೆವರು, ವಾಂತಿ, ತಲೆ ತಿರುಗುವುದು. ಇವು ಕಂಡರೆ ವಯಸ್ಸು ಲೆಕ್ಕ ಹಾಕುತ್ತ ಕೂಡಬೇಡಿ. ಬೀಡಿ, ಸಿಗರೇಟು, ಗುಟ್ಕಾ, ಸಕ್ಕರೆ ಕಾಯಿಲೆ, ಮನೆತನದಲ್ಲಿ ಹೃದಯದ ತೊಂದರೆ ಇದ್ದರಂತೂ ಬೇಡವೇ ಬೇಡ. ರಕ್ತನಾಳ ಮುಚ್ಚಿದ ಮೇಲೆ ಹೃದಯದ ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಿರುತ್ತದೆ. ಮೂಡಲಗಿ, ಹುಕ್ಕೇರಿ ಕಡೆಯ ಹಳ್ಳಿಯಿಂದ ಹಂಗಾಮಿನಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಸಾಲು ದಾಟಿ ಬೆಳಗಾವಿ ಮುಟ್ಟಲು ಎಷ್ಟು ಹೊತ್ತು ಬೇಕು, ನಿಮಗೇ ಗೊತ್ತು.

ಅದಕ್ಕೇ ಪುನೀತ್ ಹೆಸರಿನಲ್ಲಿ ಸರ್ಕಾರ 'ಹೃದಯ ಜ್ಯೋತಿ' ಯೋಜನೆ ತಂದಿದೆ. ಅದಕ್ಕೆ ಸೇರಿದ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಬೇಕಾದವರಿಗೆ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮಗೆ ಹತ್ತಿರದ್ದು ಯಾವುದೆಂದು ಆಶಾ ಅಕ್ಕನವರನ್ನು ಇವತ್ತೇ ಕೇಳಿಟ್ಟುಕೊಳ್ಳಿ. ನೋವಿದ್ದಾಗ ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಮೊದಲ ಇಸಿಜಿ ಸರಿ ಬಂದರೂ "ಸ್ವಲ್ಪ ಹೊತ್ತು ಇರಪ್ಪ, ಇನ್ನೊಮ್ಮೆ ನೋಡೋಣ" ಎಂದು ಡಾಕ್ಟರು ಹೇಳಿದರೆ ಎದ್ದು ಬರಬೇಡಿ. ಕೆಲವೊಮ್ಮೆ ಎರಡನೆಯ ಇಸಿಜಿಯಲ್ಲಿ, ರಕ್ತಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ನಮ್ಮ ಬ್ಯಾಚಿನವರು ಬಿ.ಪಿ., ಸಕ್ಕರೆ ತಪಾಸಣೆಗೆ ಎಂಟನೇ ತರಗತಿಯ ಕೋಣೆಯಲ್ಲಿ ವ್ಯವಸ್ಥೆ ಮಾಡಿದ್ದೇವೆ. ಮೂವತ್ತು ದಾಟಿದವರು ಊಟದ ಪಂಕ್ತಿಗೆ ಕೂಡುವ ಮೊದಲು ಅಲ್ಲಿಗೆ ಬನ್ನಿ.