ಅತ್ತೆಗೆ ಕ್ಲೋಸಪ್, ಸೊಸೆಗೆ ಬರೀ ಬೆನ್ನು

ಇವತ್ತು ರಾಜಕೀಯ ಬೇಡ. ನಿಮ್ಮ ಮನೆಯ ವಾಟ್ಸಾಪ್ ಗ್ರೂಪಿಗೆ ಬಂದು ಬೀಳೋ ಒಂದು ವಿಡಿಯೋ ಬಗ್ಗೆ ಮಾತಾಡೋಣ. ಯಾವುದು ಅಂತ ನೀವೇ ಗುರುತು ಹಿಡೀತೀರಿ. ವಯಸ್ಸಾದ ತಾಯಿ ತಟ್ಟೆ ಮುಂದೆ ಕೂತಿದ್ದಾರೆ. ತಟ್ಟೆಯಲ್ಲಿ ತಂಗಳನ್ನ. ಸೊಸೆ ಬಂದು ಏನೋ ಗದರಿಸ್ತಾಳೆ. ಮಗ ಬಾಗಿಲಲ್ಲಿ ಸುಮ್ಮನೆ ನಿಂತಿದ್ದಾನೆ. ಅಮ್ಮನ ಕಣ್ಣಿಂದ ಒಂದು ಹನಿ. ಹಿಂದೆ ಕೊಳಲು. ಒಂದು ನಿಮಿಷ ಅಷ್ಟೇ, ನಿಮ್ಮ ಕಣ್ಣೂ ಒದ್ದೆ.

ನಿಮ್ಮ ಕಣ್ಣೀರು ಸುಳ್ಳು ಅಂತ ನಾನು ಹೇಳ್ತಿಲ್ಲ. ಆದ್ರೆ ಅದನ್ನ ತರಿಸಿದ್ದು ಯಾರು?

ನೂರು ವರ್ಷದ ಹಿಂದೆ ರಷ್ಯಾದಲ್ಲಿ ಲೆವ್ ಕುಲೆಶೊವ್ ಅನ್ನೋ ನಿರ್ದೇಶಕ ಒಂದು ಪ್ರಯೋಗ ಮಾಡಿದ. ಸಿನಿಮಾ ಕಲಿಯೋರಿಗೆಲ್ಲ ಇದು ಮೊದಲ ಪಾಠಗಳಲ್ಲಿ ಒಂದು. ಒಬ್ಬ ನಟನ ಮುಖ, ಅದರಲ್ಲಿ ಯಾವ ಭಾವನೆಯೂ ಇಲ್ಲ. ಅದರ ಪಕ್ಕ ಒಮ್ಮೆ ಸೂಪಿನ ಬಟ್ಟಲು ಜೋಡಿಸಿದ, ಒಮ್ಮೆ ಶವಪೆಟ್ಟಿಗೆ, ಒಮ್ಮೆ ಒಬ್ಬ ಹೆಣ್ಣು. ನೋಡಿದವರಿಗೆ ಅದೇ ಮುಖದಲ್ಲಿ ಹಸಿವು ಕಾಣಿಸ್ತು, ದುಃಖ ಕಾಣಿಸ್ತು, ಆಸೆ ಕಾಣಿಸ್ತು. ಮುಖ ಬದಲಾಗಲೇ ಇಲ್ಲ ಸ್ವಾಮಿ, ಪಕ್ಕದ ಶಾಟ್ ಬದಲಾಯ್ತು!

ಈಗ ನಮ್ಮ ಅಮ್ಮನ ಮುಖಕ್ಕೆ ಬನ್ನಿ. ಸೊಸೆಯ ಶಾಟ್ ತೆಗೆದು, ಆ ಜಾಗಕ್ಕೆ ಮಿಲಿಟರಿ ಡ್ರೆಸ್ಸಲ್ಲಿರೋ ಮಗನ ಫೋಟೋ ಹಾಕಿ. ಅದೇ ಹನಿ, ಅದೇ ಕಣ್ಣು. ಆಗ ಅದು ಹೆಮ್ಮೆಯ ಕಣ್ಣೀರು.

ಇನ್ನು ಸ್ಲೋ ಮೋಷನ್. ಸೆಕೆಂಡಿಗೆ 50 ಫ್ರೇಮಿನಲ್ಲಿ ಶೂಟ್ ಮಾಡಿ 25ರಲ್ಲಿ ಓಡಿಸಿದ್ರೆ ಎಲ್ಲವೂ ಎರಡು ಪಟ್ಟು ನಿಧಾನ. ಸುಮ್ಮನೆ ರೆಪ್ಪೆ ಬಡಿದದ್ದೂ ನೋವಿನ ಹಾಗೆ ಕಾಣುತ್ತೆ. ನಾವು ಟಿವಿಯವರೂ ಇದೇ ಕತ್ತರಿ ಹಿಡಿದು ಕೂರೋರು, ಅದಕ್ಕೇ ಗೊತ್ತು. ಆದ್ರೆ ಮೊಬೈಲಿಗೆ ಇನ್ನೊಂದು ಅನುಕೂಲ ಇದೆ. ಅದರ ಪರದೆ ಉದ್ದುದ್ದ. ಒಂದು ಮುಖ ಚೆನ್ನಾಗಿ ತುಂಬುತ್ತೆ, ಎರಡನೇ ಮುಖಕ್ಕೆ ಜಾಗ ಸಾಲದು. ಸಂಬಂಧ ಅಂದ್ರೆ ಕನಿಷ್ಠ ಇಬ್ಬರು ಅಲ್ವಾ? ಈ ವಿಡಿಯೋದಲ್ಲಿ ಅತ್ತೆಗೆ ಕ್ಲೋಸಪ್ಪು. ಸೊಸೆಗೆ ಒಂದು ಬೆನ್ನು, ಒಂದು ಬಳೆ ಹಾಕಿದ ಕೈ. ಅವಳು ಏನಂತ ಗದರಿಸಿದ್ಲು? ಮತ್ತೆ ಹಾಕಿ ಕೇಳಿ. ಕೇಳಿಸಲ್ಲ. ಮಾತಿನ ಜಾಗದಲ್ಲಿ ಕೊಳಲು ಕೂರಿಸಿದ್ದಾರೆ.

ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ. ಕ್ಯಾಮೆರಾನ ಮೂಲೆಯಲ್ಲಿ, ಸೂರಿನ ಹತ್ತಿರ ಇಟ್ಟು, ಮೇಲೆ ತಾರೀಖು, ಟೈಮು ಓಡಿಸ್ತಾರೆ. ಸಿಸಿಟಿವಿ ದೃಶ್ಯ ಅಂತ ನಂಬಬೇಕು ನೀವು. ‘ಇದು ಜಾಗೃತಿಗಾಗಿ ಮಾಡಿದ ನಾಟಕ’ ಅನ್ನೋ ಸಾಲು ಇರುತ್ತೆ, ಇರಲ್ಲ ಅಂತಲ್ಲ. ಇರುವೆ ಗಾತ್ರದ ಅಕ್ಷರದಲ್ಲಿ, ಕಣ್ಣು ಮಿಟುಕಿಸೋದ್ರೊಳಗೆ ಮಾಯ. ಫಾರ್ವರ್ಡ್ ಮಾಡೋವಾಗ ಅದನ್ನ ಕತ್ತರಿಸಿದವರು ಇದ್ದರೂ ಆಶ್ಚರ್ಯ ಇಲ್ಲ.

ಇಷ್ಟಕ್ಕೇ ಮುಗಿದಿದ್ರೆ ನಾನು ಈ ವಿಷಯ ಎತ್ತುತ್ತಿರಲಿಲ್ಲ. ಗ್ರೂಪಿಗೆ ಹಾಕಿದ್ದು ದೊಡ್ಡಮ್ಮ. ಕೆಳಗೆ ಚಿಕ್ಕಪ್ಪ ಬರೀತಾರೆ, ‘ಈಗಿನ ಕಾಲದ ಹೆಣ್ಣುಮಕ್ಕಳೇ ಹೀಗೆ’. ಅದೇ ಗ್ರೂಪಿನಲ್ಲಿ ಆ ಮನೆಯ ಸೊಸೆಯೂ ಇದ್ದಾಳಲ್ಲ! ಬೆಳಗ್ಗೆ ಐದಕ್ಕೆ ಎದ್ದು ಅತ್ತೆಯ ಶುಗರ್ ಮಾತ್ರೆ ಎತ್ತಿಟ್ಟು, ಡಬ್ಬಿ ಕಟ್ಟಿಕೊಂಡು ಬಸ್ ಹತ್ತಿದವಳು. ಅವಳು ಏನಂತ ಉತ್ತರ ಕೊಡಬೇಕು? ಕೈ ಮುಗಿಯೋ ಇಮೋಜಿ ಹಾಕಿ ಸುಮ್ಮನಾಗ್ತಾಳೆ.

ಹಾಗಂತ ಹೆತ್ತವರನ್ನ ಗೋಳು ಹೊಯ್ಕೊಳ್ಳೋ ಮನೆಗಳು ಇಲ್ವಾ? ಇವೆ, ಬೇಕಾದಷ್ಟಿವೆ. ಅದಕ್ಕೆ 2007ರಲ್ಲೇ ಹಿರಿಯ ನಾಗರಿಕರ ಕಾಯ್ದೆ ಬಂದಿದೆ. ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಬಹುದು. 14567ಕ್ಕೆ ಫೋನ್ ಮಾಡಬಹುದು, ಬರ್ಕೊಳ್ಳಿ. ಅರ್ಜಿ ಕೊಟ್ರೆ ಮಗನನ್ನೂ ಕರೆಸಿ ಕೇಳ್ತಾರೆ. ಅಲ್ಲಿ ಕೊಳಲು ಊದೋರು ಯಾರೂ ಇರಲ್ಲ.