ಸಾವಿರ ಮನೆ ಕೇಳಿ ಕೋಟಿ ಮನೆಯ ಮಾತಾಡಬಹುದೇ?

ಸಮೀಕ್ಷೆಗಳ ಮಾತು ಬಂದಾಗಲೆಲ್ಲ ಏಳುವ ಪ್ರಶ್ನೆ ಒಂದೇ. "ನಮ್ಮ ಮನೆಗೆ ಯಾರೂ ಬರಲಿಲ್ಲ, ನಮ್ಮ ಬೀದಿಗೂ ಬರಲಿಲ್ಲ. ಹಾಗಿದ್ದ ಮೇಲೆ ರಾಜ್ಯದಲ್ಲಿ ಇಷ್ಟು ಹೆಂಗಸರಿಗೆ ರಕ್ತಹೀನತೆ ಇದೆ, ಇಷ್ಟು ಮನೆಗಳಲ್ಲಿ ಶೌಚಾಲಯ ಇಲ್ಲ ಎಂದು ಇವರು ಯಾವ ಧೈರ್ಯದ ಮೇಲೆ ಹೇಳುತ್ತಾರೆ?" ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಯಾವ ಊರಿಗೆ ಎಷ್ಟು ಹಣ, ಯಾವ ಯೋಜನೆ ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎಂಬ ತೀರ್ಮಾನಗಳಲ್ಲಿ ಈ ಅಂಕಿಗಳ ಪಾಲು ದೊಡ್ಡದು. ಅಂಕಿಯ ಬುಡ ಗಟ್ಟಿಯಿದೆಯೇ ಎಂದು ಕೇಳುವುದು ನಾಗರಿಕರ ಹಕ್ಕು. ಆದರೆ ಸಮೀಕ್ಷೆಯೆಂಬ ಮಂಚದಲ್ಲಿ ನಾವು ಅಲುಗಾಡಿಸಿ ನೋಡುತ್ತಿರುವುದು ಗಟ್ಟಿಯಾಗಿರುವ ಕಾಲನ್ನು. ಹುಳ ಹಿಡಿಯುವ ಕಾಲು ಬೇರೆ ಇದೆ. ಅದನ್ನು ತೋರಿಸುವುದೇ ಇವತ್ತಿನ ಮಾತಿನ ಉದ್ದೇಶ.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. ಗಣತಿ ಬೇರೆ, ಮಾದರಿ ಸಮೀಕ್ಷೆ ಬೇರೆ. ಪ್ರತಿ ಮನೆಗೂ ಹೋಗುತ್ತೇವೆ ಎಂದು ಮಾತುಕೊಟ್ಟು ಹೊರಡುವುದು ಗಣತಿ. ಅಲ್ಲಿ ನಿಮ್ಮ ಮನೆ ಬಿಟ್ಟುಹೋದರೆ ಅದು ತಪ್ಪೇ ಸರಿ, ನೀವು ದೂರು ಕೊಡಲೇಬೇಕು. ಮಾದರಿ ಸಮೀಕ್ಷೆ ಅಂಥ ಮಾತು ಕೊಡುವುದಿಲ್ಲ. 2019ರಿಂದ 2021ರವರೆಗೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ದೇಶದಲ್ಲಿ ಮಾಹಿತಿ ಪಡೆದದ್ದು 6,36,699 ಮನೆಗಳಿಂದ. ಇಡೀ ದೇಶದಲ್ಲಿರುವ ಕುಟುಂಬಗಳು 2011ರ ಜನಗಣತಿಯ ಹೊತ್ತಿಗೇ ಸುಮಾರು 25 ಕೋಟಿ. ಅಂದರೆ ಹೆಚ್ಚೆಂದರೆ ಸುಮಾರು 400 ಮನೆಗೆ ಒಂದು. ನಿಮ್ಮ ಬೀದಿಗೆ ಯಾರೂ ಬಾರದಿರುವುದೇ ಅಲ್ಲಿ ಸಹಜ. ಹಾಗಾದರೆ ಎಲ್ಲವನ್ನೂ ಗಣತಿಯಂತೆಯೇ ಮಾಡಿಬಿಡಲಿ ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. 2011ರ ಜನಗಣತಿ ಮುಗಿದ ಮೇಲೆ ಅದರಲ್ಲಿ ಎಷ್ಟು ಜನ ಬಿಟ್ಟುಹೋದರು ಎಂದು ಪರಿಶೀಲಿಸಿದರು. ಸಾವಿರಕ್ಕೆ ಸುಮಾರು 23 ಮಂದಿ ಎಂದು ತಿಳಿಯಿತು. ಇದನ್ನು ತಿಳಿದದ್ದು ಇನ್ನೊಂದು ಗಣತಿಯಿಂದಲ್ಲ. ಆಯ್ದ ಕೆಲವೇ ಪ್ರದೇಶಗಳಿಗೆ ಮತ್ತೆ ಹೋಗಿ ಎಚ್ಚರದಿಂದ ಎಣಿಸಿದ ಮಾದರಿ ಸಮೀಕ್ಷೆಯಿಂದ. ಎಲ್ಲರನ್ನೂ ಎಣಿಸಿದ ದೊಡ್ಡ ಲೆಕ್ಕದ ತಪ್ಪನ್ನು ಅಳೆಯಲು ಕೆಲವರನ್ನು ಎಣಿಸಿದ ಸಣ್ಣ ಲೆಕ್ಕವೇ ಬೇಕಾಯಿತು.

ಇದು ಹೊಸ ಸಂಗತಿಯೂ ಅಲ್ಲ. 1931ರಲ್ಲಿ ಕಲ್ಕತ್ತೆಯಲ್ಲಿ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಕಟ್ಟಿದ ಪಿ. ಸಿ. ಮಹಾಲನೋಬಿಸ್ ಬಂಗಾಳದ ಸೆಣಬಿನ ಬೆಳೆಯನ್ನು ಆಯ್ದ ತುಂಡು ಜಮೀನುಗಳಿಂದಲೇ ಅಂದಾಜು ಮಾಡುತ್ತಿದ್ದರು. 1941ರಲ್ಲಿ ಒಂದೊಂದು ಜಮೀನನ್ನೂ ನೋಡಿ ಬರೆದ ಪೂರ್ತಿ ಲೆಕ್ಕವೂ ಅವರ ಮಾದರಿಯ ಲೆಕ್ಕವೂ ಅಕ್ಕಪಕ್ಕ ಬಂದವು. ವ್ಯಾಪಾರದ ದಾಖಲೆಗಳಿಗೆ ಹತ್ತಿರವಾಗಿ ನಿಂತದ್ದು ಮಾದರಿಯ ಲೆಕ್ಕ. ಕಾರಣ ಸರಳ. ಕೆಲವೇ ಜನರಿಗೆ ಚೆನ್ನಾಗಿ ತರಬೇತಿ ಕೊಟ್ಟು, ಮೇಲೊಬ್ಬರು ನಿಂತು ನೋಡಿಕೊಂಡು ಮಾಡಿಸುವ ಕೆಲಸ ಶುದ್ಧವಾಗಿರುತ್ತದೆ. ಸಾವಿರಾರು ಜನರಿಂದ ಅವಸರದಲ್ಲಿ ಮಾಡಿಸುವ ಕೆಲಸದಲ್ಲಿ ತಪ್ಪುಗಳು ರಾಶಿಯಾಗುತ್ತವೆ. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದದ್ದು ಈ ಅನುಭವದ ಬೆನ್ನ ಮೇಲೆಯೇ.

ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಹಿಚುಕಿದರೆ ಸಾಕು ಎನ್ನುತ್ತೇವೆ. ಮಾದರಿ ಸಮೀಕ್ಷೆಯನ್ನು ಸಮರ್ಥಿಸುವವರೆಲ್ಲ ಈ ಮಾತನ್ನು ಎತ್ತಿ ಹೇಳುತ್ತಾರೆ. ಅದು ಅರ್ಧ ಸತ್ಯ. ಅಡುಗೆ ಮಾಡುವ ಯಾರನ್ನಾದರೂ ಕೇಳಿ, ಅವರು ತಳದಿಂದ ಒಮ್ಮೆ ಸೌಟಾಡಿಸಿಯೇ ಅಗುಳು ತೆಗೆಯುತ್ತಾರೆ. ಮೇಲಿನ ಅಗುಳು ಗಟ್ಟಿಯಿದ್ದಾಗಲೇ ತಳ ಹಿಡಿದಿರಬಹುದು. ಸಮಾಜವನ್ನು ಯಾರೂ ಸೌಟು ಹಾಕಿ ತಿರುವಲಾರರು. ಕೇರಿ ಬೇರೆ, ಅಗ್ರಹಾರ ಬೇರೆ, ಬಡಾವಣೆ ಬೇರೆ, ತೋಟದ ಮನೆ ಬೇರೆ. ಆದ್ದರಿಂದ ಸೌಟಿನ ಕೆಲಸವನ್ನು ಚೀಟಿಗೆ ಒಪ್ಪಿಸುತ್ತಾರೆ. ಎಲ್ಲ ಹಳ್ಳಿಗಳ, ಎಲ್ಲ ನಗರಭಾಗಗಳ ಪಟ್ಟಿಯಿಂದ ಚೀಟಿ ಎತ್ತಿದಂತೆ ಕೆಲವನ್ನು ಆರಿಸುತ್ತಾರೆ. ಆ ಹಳ್ಳಿಗೆ ಹೋಗಿ ಅಲ್ಲಿನ ಮನೆಗಳ ಪಟ್ಟಿ ಮಾಡಿ, ಆ ಪಟ್ಟಿಯಿಂದ ಮತ್ತೆ ಕೆಲವು ಮನೆಗಳನ್ನು ಆರಿಸುತ್ತಾರೆ. ಇಲ್ಲಿ ಮುಖ್ಯವಾದದ್ದು ಇಷ್ಟೇ: ಯಾರ ಮನೆಗೆ ಹೋಗಬೇಕು ಎಂಬುದು ಹೋಗುವವರ ಇಷ್ಟದಂತೆ ನಡೆಯಬಾರದು, ಮನೆಯವರ ಇಷ್ಟದಂತೆಯೂ ನಡೆಯಬಾರದು. ಚೀಟಿ ಎತ್ತುವುದು ಜೂಜಲ್ಲವೇ ಎಂದು ಕೇಳುತ್ತಾರೆ. ಅಲ್ಲ. ಚೀಟಿಗೆ ಜಾತಿಯಿಲ್ಲ, ಪಕ್ಷವಿಲ್ಲ, ಕಾಲುನೋವಿಲ್ಲ. ಬಿಸಿಲಿಗೆ ಹೆದರಿ ಅದು ರಸ್ತೆ ಬದಿಯ ಮನೆಯನ್ನು ಆರಿಸುವುದಿಲ್ಲ.

ಹೀಗೆ ಆರಿಸಿದ ಮೇಲೆ ಎಷ್ಟು ಜನ ಸಾಕು? ನೇರವಾಗಿ ಚೀಟಿ ಎತ್ತಿ 1,000 ಜನರನ್ನು ಕೇಳಿದರೆ, ಬಂದ ಶೇಕಡಾವಾರು ಅಂಕಿ ನಿಜದಿಂದ 3ರಷ್ಟು ಆಚೀಚೆ ಇರಬಹುದು. ಇಂಥ 100 ಸಮೀಕ್ಷೆಗಳಲ್ಲಿ 95ರಷ್ಟು ಆ ಅಳತೆಯೊಳಗೇ ಇರುತ್ತವೆ. ಆ 3ನ್ನು ಒಂದೂವರೆಗೆ ಇಳಿಸಬೇಕಾದರೆ ಎರಡರಷ್ಟು ಸಾಲದು, ನಾಲ್ಕರಷ್ಟು ಜನ, ಅಂದರೆ 4,000 ಜನ ಬೇಕು. ರಾಜ್ಯದಲ್ಲಿ 6 ಕೋಟಿ ಜನ ಇದ್ದಾರೋ 60 ಕೋಟಿಯೋ ಎಂಬುದು ಈ ಲೆಕ್ಕದಲ್ಲಿ ಹೆಚ್ಚುಕಡಿಮೆ ಬರುವುದೇ ಇಲ್ಲ. ಬಹಳ ಜನರಿಗೆ ಇದನ್ನು ನಂಬುವುದು ಕಷ್ಟ. ಚೆನ್ನಾಗಿ ಕಲಕಿದ ಸಾರಿನ ಉಪ್ಪು ನೋಡಲು ಮನೆಯ ಪಾತ್ರೆಗೂ ಒಂದೇ ಚಮಚ, ಮದುವೆಮನೆಯ ಕೊಪ್ಪರಿಗೆಗೂ ಒಂದೇ ಚಮಚ. ಕೊಪ್ಪರಿಗೆ ದೊಡ್ಡದೆಂದು ಯಾರೂ ಬಕೆಟ್ಟಿನಲ್ಲಿ ಸಾರು ಕುಡಿದು ನೋಡುವುದಿಲ್ಲ. ಆದರೆ ಒಂದು ಷರತ್ತಿದೆ: ರಾಜ್ಯಕ್ಕೆಂದು ಮಾಡಿದ ಅಂದಾಜು ನಿಮ್ಮ ಊರಿಗೆ ಹೊಂದಬೇಕಾಗಿಲ್ಲ. ನಮ್ಮೂರಲ್ಲಿ ಹೀಗಿಲ್ಲ, ಆದ್ದರಿಂದ ಸಮೀಕ್ಷೆ ಸುಳ್ಳು ಎನ್ನುವ ವಾದ ನಿಲ್ಲುವುದಿಲ್ಲ.

ಹುಳ ಹಿಡಿಯುವ ಕಾಲು ಯಾವುದು ಎಂದು ಈಗ ಹೇಳುತ್ತೇನೆ. 1936ರಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಗೆ ಮುಂಚೆ 'ಲಿಟರರಿ ಡೈಜೆಸ್ಟ್' ಎಂಬ ಪತ್ರಿಕೆ ಸುಮಾರು 1 ಕೋಟಿ ಜನರಿಗೆ ಅಂಚೆಯಲ್ಲಿ ಮತಚೀಟಿ ಕಳಿಸಿತು. ಸುಮಾರು 24 ಲಕ್ಷ ಚೀಟಿ ತುಂಬಿ ಹಿಂದಿರುಗಿದವು. ಅದನ್ನು ಎಣಿಸಿ, ಶೇಕಡಾ 57ರಷ್ಟು ಮತದೊಂದಿಗೆ ವಿರೋಧಿ ಅಭ್ಯರ್ಥಿ ಲ್ಯಾಂಡನ್ ಗೆಲ್ಲುತ್ತಾರೆ ಎಂದು ಪತ್ರಿಕೆ ಸಾರಿತು. ಗೆದ್ದವರು ಆಗ ಅಧ್ಯಕ್ಷರಾಗಿದ್ದ ರೂಸ್‌ವೆಲ್ಟ್. ಅವರಿಗೆ ಬಂದ ಮತ ಸುಮಾರು ಶೇಕಡಾ 61. ಆಗಿದ್ದ 48 ರಾಜ್ಯಗಳಲ್ಲಿ ಲ್ಯಾಂಡನ್‌ಗೆ ಸಿಕ್ಕಿದ್ದು ಎರಡೇ. ಅದೇ ಚುನಾವಣೆಯಲ್ಲಿ ಜನಾಭಿಪ್ರಾಯ ಸಮೀಕ್ಷೆ ನಡೆಸುತ್ತಿದ್ದ ಜಾರ್ಜ್ ಗ್ಯಾಲಪ್ ಸುಮಾರು 50,000 ಜನರನ್ನಷ್ಟೇ ಕೇಳಿ ರೂಸ್‌ವೆಲ್ಟ್ ಗೆಲ್ಲುತ್ತಾರೆ ಎಂದಿದ್ದರು. 24 ಲಕ್ಷ ಜನ ತಪ್ಪು ಹೇಳಿದ್ದು ಹೇಗೆ? ಪತ್ರಿಕೆ ಹೆಸರುಗಳನ್ನು ಆರಿಸಿದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರುಗಳ ನೋಂದಣಿಯಿಂದ. ಆರ್ಥಿಕ ಮುಗ್ಗಟ್ಟಿನ ಆ ವರ್ಷಗಳಲ್ಲಿ ಫೋನು, ಕಾರು ಇದ್ದವರು ಉಳ್ಳವರು. ಅಷ್ಟೇ ಆಗಿದ್ದರೆ ತಪ್ಪು ಇಷ್ಟು ದೊಡ್ಡದಾಗುತ್ತಿರಲಿಲ್ಲ. ಚೀಟಿ ತಲುಪಿದವರಲ್ಲಿ ಮುಕ್ಕಾಲು ಪಾಲು ಜನ ಉತ್ತರಿಸಲೇ ಇಲ್ಲ. ಹಾಗೆ ಸುಮ್ಮನಿದ್ದವರಲ್ಲಿ ರೂಸ್‌ವೆಲ್ಟ್ ಕಡೆಯವರು ಹೆಚ್ಚಿದ್ದರು. ಸರಕಾರದ ಮೇಲೆ ಸಿಟ್ಟಿದ್ದವರು ಶ್ರದ್ಧೆಯಿಂದ ತುಂಬಿ ಕಳಿಸಿದರು, ನೆಮ್ಮದಿಯಾಗಿದ್ದವರು ಪಕ್ಕಕ್ಕಿಟ್ಟರು.

ಇದನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ, ಏಕೆಂದರೆ ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಸಾಕು. ಎಷ್ಟು ಜನ ಉತ್ತರಿಸಿದರು ಎಂಬುದಲ್ಲ, ಯಾರು ಉತ್ತರಿಸಲಿಲ್ಲ ಎಂಬುದು ಪ್ರಶ್ನೆ. ಉತ್ತರಿಸಿದವರೂ ಸುಮ್ಮನಿದ್ದವರೂ ಒಂದೇ ಬಗೆಯವರಾಗಿದ್ದರೆ ಏನೂ ತೊಂದರೆಯಿಲ್ಲ. ಬೇರೆ ಬಗೆಯವರಾಗಿದ್ದರೆ 10 ಲಕ್ಷ ಉತ್ತರಗಳೂ ಅದೇ ತಪ್ಪನ್ನು 10 ಲಕ್ಷ ಸಲ ಹೇಳುತ್ತವೆ. ಮಾದರಿ ದೊಡ್ಡದಾದಷ್ಟೂ ಆಕಸ್ಮಿಕದ ತಪ್ಪು ಕರಗುತ್ತದೆ, ಓರೆಯ ತಪ್ಪು ಕರಗುವುದಿಲ್ಲ. ಓರೆಯಾದ ತಕ್ಕಡಿಯಲ್ಲಿ ಹತ್ತು ಸಲ ತೂಗಿದರೆ ಹತ್ತು ಸಲವೂ ತಪ್ಪು ತೂಕವೇ. ಒಂದು ಬೀಗ ಹಾಕಿದ ಮನೆಯನ್ನು ನೆನೆಯಿರಿ. ಚೀಟಿಯಲ್ಲಿ ಆ ಮನೆ ಬಂದಿದೆ, ಸಮೀಕ್ಷೆಯವರು ಹೋದಾಗ ಬೀಗವಿದೆ. ಪಕ್ಕದ ಮನೆ ತೆರೆದಿದೆ, ಅಲ್ಲಿ ಕೇಳಿಕೊಂಡು ಬಂದರೆ ಸಂಖ್ಯೆ ಸರಿಹೋಗುತ್ತದೆ. ಆದರೆ ಹಗಲು ಹೊತ್ತು ಬೀಗ ಬೀಳುವುದು ಯಾರ ಮನೆಗೆ? ಗಂಡಹೆಂಡತಿ ಇಬ್ಬರೂ ದುಡಿಯಲು ಹೋಗುವ ಮನೆಗೆ, ಗುಳೆ ಹೋದವರ ಮನೆಗೆ, ಒಂಟಿಯಾಗಿ ಬಾಳುವವರ ಮನೆಗೆ. ಅವರನ್ನು ಬಿಟ್ಟು ಮನೆಯಲ್ಲಿ ಸಿಕ್ಕವರನ್ನೇ ಸೇರಿಸುತ್ತಾ ಹೋದರೆ, ಆ ಊರಿನಲ್ಲಿ ಗುಳೆ ಹೋಗುವವರೇ ಕಡಿಮೆ ಎಂಬ ವರದಿ ಸಿದ್ಧವಾಗುತ್ತದೆ. ಆದ್ದರಿಂದಲೇ ಒಳ್ಳೆಯ ಸಮೀಕ್ಷೆ ಅದೇ ಮನೆಗೆ ಸಂಜೆ ಮತ್ತೆ ಹೋಗುತ್ತದೆ, ಮರುದಿನವೂ ಹೋಗುತ್ತದೆ. ಬೀಗದ ಮನೆಗೆ ಎರಡನೆಯ ಸಲ ನಡೆದುಹೋಗುವ ಆ ಕೆಲಸಗಾರರ ಮೇಲೆ ಇಡೀ ಶಾಸ್ತ್ರ ನಿಂತಿದೆ. ವಾಟ್ಸ್ಯಾಪಿನಲ್ಲಿ ಹರಿದಾಡುವ, ಟಿವಿ ಪರದೆಯ ಕೆಳಗೆ ಓಡುವ "2 ಲಕ್ಷ ಜನ ಮತ ಹಾಕಿದ್ದಾರೆ" ಎಂಬ ಜನಾಭಿಪ್ರಾಯಗಳಿಗೆ ಬೆಲೆ ಕೊಡಬೇಡಿ ಎನ್ನುವುದು ಇದಕ್ಕೇ. ಅಲ್ಲಿ ಯಾರೂ ಯಾರನ್ನೂ ಆರಿಸಿಲ್ಲ. ಬಂದವರು ಬಂದರು, ಅಷ್ಟೇ. ಆರಿಸುವ ಬಗೆ ಸರಿಯಿಲ್ಲದಿದ್ದರೆ ನುರಿತವರೂ ಎಡವುತ್ತಾರೆ; 1948ರ ಅಮೆರಿಕದ ಅಧ್ಯಕ್ಷ ಚುನಾವಣೆಯಲ್ಲಿ ಗ್ಯಾಲಪ್ ಅವರೇ ಎಡವಿದರು. ಇಷ್ಟು ಗಂಡಸರು, ಇಷ್ಟು ಹೆಂಗಸರು, ಇಷ್ಟು ಬಡವರು ಎಂದು ಪಾಲು ಹಾಕಿಕೊಟ್ಟು, ಯಾರನ್ನು ಕೇಳಬೇಕೆಂಬ ಆಯ್ಕೆಯನ್ನು ಕೇಳುವವರಿಗೇ ಬಿಟ್ಟಿದ್ದರು. ಕೊನೆಯ ವಾರಗಳಲ್ಲಿ ಕೇಳುವುದನ್ನು ನಿಲ್ಲಿಸಿದ್ದೂ ಸೇರಿಕೊಂಡಿತು. ಡ್ಯೂಯಿ ಗೆಲ್ಲುತ್ತಾರೆ ಎಂದರು, ಟ್ರೂಮನ್ ಗೆದ್ದರು.

ಜನ ಸುಳ್ಳು ಹೇಳಿದರೆ ಏನು ಮಾಡುತ್ತೀರಿ ಎಂಬುದು ಇನ್ನೊಂದು ಆಕ್ಷೇಪ. ಸುಳ್ಳಿಗಿಂತ ಪ್ರಶ್ನೆಯ ಮಾತೇ ಹೆಚ್ಚು ಕೆಡಿಸುತ್ತದೆ. "ಕೆಲಸಕ್ಕೆ ಹೋಗುತ್ತೀರಾ?" ಎಂದರೆ ದಿನವೆಲ್ಲ ಸ್ವಂತ ಹೊಲದಲ್ಲಿ ಕಳೆ ಕಿತ್ತ ಹೆಂಗಸೂ "ಇಲ್ಲ, ಮನೆಯಲ್ಲೇ ಇದ್ದೇನೆ" ಎನ್ನುತ್ತಾಳೆ. ಆಕೆ ಹೇಳಿದ್ದು ಸುಳ್ಳಲ್ಲ, ಕೇಳಿದ್ದು ತಪ್ಪು. 1991ರ ಜನಗಣತಿಯಲ್ಲಿ, ಸ್ವಂತ ಹೊಲದಲ್ಲಿ ಅಥವಾ ಮನೆಯ ಕಸುಬಿನಲ್ಲಿ ಸಂಬಳವಿಲ್ಲದೆ ಮಾಡಿದ ದುಡಿಮೆಯೂ ಸೇರಿ ಎಂಬ ಮಾತನ್ನು ಪ್ರಶ್ನೆಯೊಳಗೇ ಸೇರಿಸಿದ್ದು ಇದಕ್ಕಾಗಿ. ಮನೆಖರ್ಚಿನ ಲೆಕ್ಕವೂ ಹಾಗೆಯೇ. ಕಳೆದ 7 ದಿನದ ಆಹಾರದ ಖರ್ಚು ಕೇಳಿ ತಿಂಗಳಿಗೆ ಗುಣಿಸಿದರೆ ಒಂದು ಮೊತ್ತ ಬರುತ್ತದೆ, ಕಳೆದ 30 ದಿನದ್ದು ಕೇಳಿದರೆ ಅದಕ್ಕಿಂತ ಕಡಿಮೆ ಬರುತ್ತದೆ. 1999–2000ದ ರಾಷ್ಟ್ರೀಯ ಮಾದರಿ ಸಮೀಕ್ಷೆಯಲ್ಲಿ ಎರಡನ್ನೂ ಅದೇ ಮನೆಯಲ್ಲಿ ಅಕ್ಕಪಕ್ಕ ಕೇಳಿದರು. ಒಂದು ಉತ್ತರ ಇನ್ನೊಂದನ್ನು ಎಳೆಯಿತು. ಹಳೆಯ ಅಂಕಿಗಳೊಂದಿಗೆ ಹೊಸದನ್ನು ಹೋಲಿಸುವುದೇ ಕಷ್ಟವಾಗಿ, ದೇಶದಲ್ಲಿ ಬಡತನ ಎಷ್ಟು ಇಳಿಯಿತು ಎಂಬ ದೊಡ್ಡ ವಾದ ವರ್ಷಗಟ್ಟಲೆ ನಡೆಯಿತು.

ಕೊನೆಯ ಆಕ್ಷೇಪ ಓದಿದವರದು. ಆರಿಸುವುದು ಇಷ್ಟು ಮುಖ್ಯವಾದರೆ, ಮೈಸೂರಿನ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ 1948ರಲ್ಲಿ ರಾಂಪುರ ಎಂಬ ಒಂದೇ ಹಳ್ಳಿಯಲ್ಲಿ ತಿಂಗಳುಗಟ್ಟಲೆ ಕೂತು ಬರೆದದ್ದಕ್ಕೆ ಏನು ಬೆಲೆ? ಬಹಳ ಬೆಲೆಯಿದೆ, ಏಕೆಂದರೆ ಅವರ ಪ್ರಶ್ನೆಯೇ ಬೇರೆ. ಎಷ್ಟು ಎಂಬುದನ್ನು ಸಮೀಕ್ಷೆ ಹೇಳುತ್ತದೆ, ಹೇಗೆ ಎಂಬುದನ್ನು ಹಳ್ಳಿವಾಸ ಹೇಳುತ್ತದೆ. ಊರಿನ ನ್ಯಾಯ ಯಾರ ಜಗಲಿಯ ಮೇಲೆ ತೀರುತ್ತದೆ, ಭೂಮಿ ಮತ್ತು ಜನಬಲ ಎರಡೂ ಇರುವ ಜಾತಿ ಊರನ್ನು ಹೇಗೆ ನಡೆಸುತ್ತದೆ ಎಂಬುದು ಪ್ರಶ್ನಾವಳಿಯ ಚೌಕಟ್ಟಿಗೆ ಸಿಗುವುದಿಲ್ಲ. ಪ್ರಬಲ ಜಾತಿ ಎಂಬ ಕಲ್ಪನೆಯನ್ನು ಅವರು ಕಟ್ಟಿದ್ದು ಆ ಹಳ್ಳಿಯಿಂದ. 1950ರ ದಶಕದ ನಡುವೆ ಮಾನವಶಾಸ್ತ್ರಜ್ಞೆ ಸ್ಕಾರ್ಲೆಟ್ ಎಪ್‌ಸ್ಟೈನ್ ಮಂಡ್ಯದ ಸೀಮೆಯಲ್ಲಿ ಎರಡು ಹಳ್ಳಿಗಳನ್ನು ಹೋಲಿಸಿದರು. ಅವಕ್ಕೆ ವಂಗಲ, ದಾಲೇನ ಎಂದು ಹೆಸರಿಟ್ಟರು. ವಿಶ್ವೇಶ್ವರಯ್ಯ ನಾಲೆಯ ನೀರು ವಂಗಲಕ್ಕೆ ಹರಿಯಿತು, ಎತ್ತರದ ದಾಲೇನಕ್ಕೆ ಹತ್ತಲಿಲ್ಲ. ನೀರು ಬಂದ ಊರಿನಲ್ಲಿ ಹಣ ಬಂತು, ಆದರೆ ಒಕ್ಕಲು ಮತ್ತು ಆಳಿನ ಹಳೆಯ ನಂಟು ಬಹುಪಾಲು ಹಾಗೆಯೇ ಉಳಿಯಿತು. ನೀರು ಬಾರದ ಊರಿನವರು ಹೊರಗೆ ಕೆಲಸ, ವ್ಯಾಪಾರ ಹುಡುಕಿಹೋದರು, ಹಳೆಯ ನಂಟುಗಳು ಸಡಿಲಾದವು. ಆದರೆ ಎರಡು ಹಳ್ಳಿಗಳನ್ನು ಬೇರ್ಪಡಿಸಿದ್ದು ನೀರೊಂದೇ ಹೌದೋ ಎಂಬ ಅನುಮಾನ ಯಾವಾಗಲೂ ಉಳಿಯುತ್ತದೆ. ಅದಕ್ಕೆ ಮತ್ತೆ ಚೀಟಿಯೇ ಮದ್ದು. ಪಂಚಾಯಿತಿ ಅಧ್ಯಕ್ಷ ಸ್ಥಾನದ ಮಹಿಳಾ ಮೀಸಲಾತಿ ಊರಿನ ಇಚ್ಛೆಯಂತಲ್ಲದೆ ಸರದಿಯ ನಿಯಮದಂತೆ, ಚೀಟಿ ಎತ್ತಿದ ಹಾಗೆಯೇ, ಬೀಳುವುದನ್ನು ಬಳಸಿಕೊಂಡು, ಸಂಶೋಧಕರಾದ ರಾಘವೇಂದ್ರ ಚಟ್ಟೋಪಾಧ್ಯಾಯ ಮತ್ತು ಎಸ್ತರ್ ಡುಫ್ಲೊ ಪಶ್ಚಿಮ ಬಂಗಾಳ, ರಾಜಸ್ಥಾನಗಳ ಪಂಚಾಯಿತಿಗಳನ್ನು ಹೋಲಿಸಿದರು. 2004ರಲ್ಲಿ ಪ್ರಕಟವಾದ ಅವರ ಅಧ್ಯಯನ, ಮಹಿಳೆಯರು ಅಧ್ಯಕ್ಷರಾದ ಕಡೆ ಕುಡಿಯುವ ನೀರಿಗೆ ಹೆಚ್ಚು ಹಣ ಹೋಯಿತು ಎಂದು ತೋರಿಸಿತು. ಯಾರನ್ನು ಕೇಳಬೇಕು ಎಂಬುದನ್ನಾಗಲಿ, ಯಾವುದನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬುದನ್ನಾಗಲಿ ಮನುಷ್ಯರ ಇಷ್ಟಕ್ಕೆ ಬಿಡದಿರುವುದೇ ಎರಡೂ ಕಡೆ ಕೆಲಸ ಮಾಡಿದ ಉಪಾಯ.

ಸಮಯ ಮುಗಿಯುತ್ತಾ ಬಂತು, ಸಲಹೆಯನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಪತ್ರಿಕೆಯಲ್ಲಿ ಯಾವುದೇ ಸಮೀಕ್ಷೆ ಕಂಡಾಗ ಮೂರು ಮಾತು ಕೇಳಿ. ಉತ್ತರಿಸಿದವರನ್ನು ಯಾರು, ಹೇಗೆ ಆರಿಸಿದರು? ಆರಿಸಿದವರಲ್ಲಿ ಎಷ್ಟು ಜನ ಸಿಗಲಿಲ್ಲ? ಪ್ರಶ್ನೆಯನ್ನು ಯಾವ ಮಾತಿನಲ್ಲಿ ಕೇಳಿದರು? ಇಷ್ಟಕ್ಕೆ ಉತ್ತರ ಕೊಡದ ಸಮೀಕ್ಷೆ ಕೋಟಿ ಜನರ ಹೆಸರು ಹೇಳಿದರೂ ಬದಿಗಿಡಿ. ಉತ್ತರ ಕೊಡುವ ಸಮೀಕ್ಷೆಗೆ ನಿಮ್ಮ ಮನೆಯ ಚೀಟಿ ಬಂದು, ಒಬ್ಬ ಹೆಣ್ಣುಮಗಳೋ ಹುಡುಗನೋ ಗುರುತಿನ ಚೀಟಿ ತೋರಿಸಿ ಬಾಗಿಲಲ್ಲಿ ನಿಂತರೆ, ಪಕ್ಕದ ಮನೆಗೆ ಹೋಗಿ ಎನ್ನಬೇಡಿ. ನಿಮ್ಮ ಜಾಗದಲ್ಲಿ ಪಕ್ಕದ ಮನೆಯವರು ಉತ್ತರಿಸಲಾರರು. ನಿಮ್ಮಂತೆ ಬದುಕುವ, ಚೀಟಿಯಲ್ಲಿ ಬಾರದ ನೂರಾರು ಮನೆಗಳ ಮಾತನ್ನು ಆ ಹೊತ್ತು ನೀವೇ ಆಡಬೇಕು. ಒಂದು ಗಂಟೆ ಬಿಡುವು ಮಾಡಿಕೊಂಡು, ಕೂರಿಸಿ, ಇದ್ದದ್ದನ್ನು ಇದ್ದಂತೆ ಹೇಳಿ.