ಏರಿಯಾ ಆಮೇಲೆ, ಮೊದಲು ಧರೆ ನೋಡಿ

ವರ್ಗಾವಣೆ ಪಟ್ಟಿ ಹೊರಬಿದ್ದ ಕೂಡಲೇ ನನ್ನ ಫೋನು ಬಡಿದುಕೊಳ್ಳಲು ಶುರುವಾಗುತ್ತದೆ. 'ಮೂಡಿಗೆರೆಗೆ ಹಾಕಿದ್ದಾರೆ ಸಾರ್, ಯಾವ ಏರಿಯಾ ಒಳ್ಳೇದು?' 'ಚಿಕ್ಕಮಗಳೂರಲ್ಲಿ ಎಲ್ಲಿ ಮನೆ ಹಿಡೀಲಿ?' ಮೊದಲೆಲ್ಲ ಮೇಷ್ಟ್ರು, ನರ್ಸು, ಬ್ಯಾಂಕಿನವರು ಕೇಳುತ್ತಿದ್ದರು. ಈಗ ಲ್ಯಾಪ್‌ಟಾಪ್ ಹೆಗಲಿಗೇರಿಸಿಕೊಂಡು ಬೆಂಗಳೂರು ಬಿಟ್ಟು ಬರುವವರೂ ಸೇರಿಕೊಂಡಿದ್ದಾರೆ. ಅಡ್ವಾನ್ಸು, ಹನ್ನೊಂದು ತಿಂಗಳ ಅಗ್ರಿಮೆಂಟು, ಬಾಡಿಗೆಯ ಚೌಕಾಸಿ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ.

ಚಿಕ್ಕಮಗಳೂರಿನ ಮಾತು ಬೇಗ ಮುಗಿಸುತ್ತೇನೆ. ಬಸವನಹಳ್ಳಿ, ವಿಜಯಪುರ, ಜಯನಗರ, ಹಿರೇಮಗಳೂರು, ಎಲ್ಲಿ ಹಿಡಿದರೂ ಕಚೇರಿಗೆ ಆಟೋದಲ್ಲಿ ಹೋಗಿ ಬರುವಷ್ಟೇ ದೂರ. ಏರಿಯಾ ಏರಿಯಾ ಎಂದು ತಲೆ ಕೆಡಿಸಿಕೊಳ್ಳುವುದು ಬೆಂಗಳೂರಿನ ಚಟ. ನೋಡಬೇಕಾದದ್ದು ಮಳೆಯನ್ನು. ಚಿಕ್ಕಮಗಳೂರು ಪೇಟೆ ಬೆಟ್ಟದ ಮಳೆಮರೆಯಲ್ಲಿದೆ. ವರ್ಷಕ್ಕೆ ಹೆಚ್ಚುಕಡಿಮೆ 1,000 ಮಿಲಿಮೀಟರ್ ಮಳೆ. ಅಲ್ಲಿಂದ ಪಡುವಣಕ್ಕೆ ಮೂಡಿಗೆರೆ ದಾಟಿ, ಬಣಕಲ್ ದಾಟಿ ಕೊಟ್ಟಿಗೆಹಾರಕ್ಕೆ ಬನ್ನಿ, ಮಳೆ ಎರಡು ಪಟ್ಟನ್ನೂ ಮೀರುತ್ತದೆ. ಅಲ್ಲಿಂದ ಕಳಸದ ರಸ್ತೆ ಹಿಡಿದರೆ ನಮ್ಮ ಬಾಳೂರು. ಜಿಲ್ಲೆ ಒಂದೇ, ಮಳೆಗಾಲ ಬೇರೆ ಬೇರೆ. ನಮ್ಮ ಕಡೆ ಒಂದೇ ರಸ್ತೆಯ ಎಡಗಡೆ ಮನೆಗೂ ಬಲಗಡೆ ಮನೆಗೂ ಸಂಬಂಧವಿಲ್ಲ. ಒಂದರ ಬೆನ್ನಿಗೆ ಧರೆ ಇರುತ್ತದೆ, ಇನ್ನೊಂದರ ಬೆನ್ನಿಗೆ ಬಯಲು.

ಈ ಧರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಇಳಿಜಾರಿನಲ್ಲಿ ಮನೆ ಕಟ್ಟಬೇಕಾದರೆ ಗುಡ್ಡ ಕಡಿದು ಮಟ್ಟ ಮಾಡುತ್ತಾರೆ. ಕಡಿದ ಮೇಲೆ ಮನೆಯ ಹಿಂದೆ ನೆಟ್ಟಗೆ ನಿಂತ ಮಣ್ಣಿನ ಗೋಡೆಯೇ ಧರೆ. ಗುದ್ದಲಿ, ಹಾರೆಯಲ್ಲಿ ಕಡಿಯುತ್ತಿದ್ದ ಕಾಲದಲ್ಲಿ ಆಳೆತ್ತರ ಕಡಿಯುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಜೆಸಿಬಿ ಬಂದ ಮೇಲೆ ಎರಡು ಆಳು, ಮೂರು ಆಳು ಎತ್ತರವನ್ನು ಮಧ್ಯಾಹ್ನದ ಊಟದೊಳಗೆ ಕಡಿದು ಮುಗಿಸುತ್ತಾರೆ.

ನೀವು ಮನೆ ನೋಡಲು ಬರುವುದು ಏಪ್ರಿಲ್ ಮೇ ತಿಂಗಳಲ್ಲಿ. ಆಗ ಧರೆ ಕಲ್ಲಿನ ಹಾಗೆ ನಿಂತಿರುತ್ತದೆ. ಉಗುರಿನಲ್ಲಿ ಕೆರೆದರೂ ಉದುರುವುದಿಲ್ಲ. ಕಾರಣ, ಒಣಗಿದಂತೆ ಕಾಣುವ ಕೆಂಪು ಮಣ್ಣಿನ ಒಳಗೆ ಕಣಕಣದ ನಡುವೆ ತೆಳುವಾದ ತೇವ ಇರುತ್ತದೆ. ಅದು ಕಣಗಳನ್ನು ಎಳೆದು ಹಿಡಿದುಕೊಂಡಿರುತ್ತದೆ. ಆರಿದ್ರಾ, ಪುನರ್ವಸು ಮಳೆ ಸುರಿದಾಗ ಸಂದಿಗಳಲ್ಲಿ ನೀರು ತುಂಬುತ್ತದೆ. ತುಂಬಿದ ಮೇಲೆ ಹಿಡಿತ ಹೋಯಿತು, ಮಣ್ಣಿನ ಭಾರ ಹೆಚ್ಚಿತು, ಒಳಗಿನ ನೀರು ಕಣಗಳನ್ನು ದೂಡಲು ಶುರುಮಾಡಿತು. ಮೂರೂ ಒಟ್ಟಿಗೆ. ಆಷಾಢದಲ್ಲಿ ಡಬ್ಬಿಯೊಳಗಿನ ಅಚ್ಚುಬೆಲ್ಲ ನೀರೊಡೆಯುತ್ತದಲ್ಲ, ಹಾಗೆ. ಆದ್ದರಿಂದ ಮೊದಲ ಮಳೆಗೆ ಧರೆ ಬೀಳುವುದು ಕಡಿಮೆ. ಅದು ವಾರಗಟ್ಟಲೆ ನೀರು ಕುಡಿಯಬೇಕು. ಆಮೇಲೆ ಒಂದು ರಾತ್ರಿಯ ಜೋರು ಮಳೆ ಸಾಕು. 2019ರ ಆಗಸ್ಟ್‌ನಲ್ಲಿ, ಆಶ್ಲೇಷ ಮಳೆಯಲ್ಲಿ, ನಮ್ಮ ಕಡೆಯ ಮಲೆಮನೆ, ಮಧುಗುಂಡಿಗಳಲ್ಲಿ ಗುಡ್ಡವೇ ಜಾರಿ ಬಂತು, ಚಾರ್ಮಾಡಿ ಘಾಟಿ ತಿಂಗಳುಗಟ್ಟಲೆ ಮುಚ್ಚಿತು. ಅದು ಎಲ್ಲರಿಗೂ ನೆನಪಿದೆ. ಆದರೆ ಪ್ರತಿ ವರ್ಷ ಪೇಪರಿನ ಮೂಲೆಯಲ್ಲಿ 'ಧರೆ ಕುಸಿದು ಮನೆಗೆ ಹಾನಿ' ಎಂದು ನಾಲ್ಕು ಸಾಲು ಬರುತ್ತದಲ್ಲ, ಅದನ್ನು ಯಾರೂ ಓದುವುದಿಲ್ಲ.

'ಮೇಲೆ ಮರ ಇದೆ, ಬೇರು ಹಿಡಿದುಕೊಂಡಿರುತ್ತೆ' ಅನ್ನುತ್ತಾರೆ. ಬೇರು ಹಿಡಿಯುವುದು ಮೇಲ್ಪದರವನ್ನು. ಧರೆಯ ಅಂಚಿನಲ್ಲೇ ನಿಂತ ಸಿಲ್ವರ್ ಓಕ್ ಗಾಳಿಗೆ ತೂಗಿದಾಗಲೆಲ್ಲ ಬುಡದ ಮಣ್ಣನ್ನು ಸಡಿಲ ಮಾಡುತ್ತದೆ. 'ತಡೆಗೋಡೆ ಕಟ್ಟಿಸಿದ್ದೀವಿ' ಅನ್ನುವವರು ಇನ್ನೊಂದು ಗುಂಪು. ಆ ಗೋಡೆಯಲ್ಲಿ ನೀರು ಹೊರಬರಲು ಪೈಪಿನ ತೂತುಗಳಿವೆಯೇ ನೋಡಿ. ತೂತಿಲ್ಲದ ಗೋಡೆ ನೀರನ್ನು ಹಿಂದೆ ಕಟ್ಟಿಹಾಕುತ್ತದೆ; ಮಣ್ಣಿನ ಜೊತೆ ನೀರಿನ ಒತ್ತಡವನ್ನೂ ಹೊರಬೇಕು. ಹೊಟ್ಟೆ ಉಬ್ಬಿದ ತಡೆಗೋಡೆ ಕಂಡರೆ ಬಾಡಿಗೆ ಎಷ್ಟು ಎಂದೂ ಕೇಳಬೇಡಿ.

ಒಮ್ಮೆ ಅಣ್ಣನ ಮಗಳಿಗೆ ಮನೆ ನೋಡಲು ಹೋಗಿದ್ದೆ. ಹಾಲ್‌ನಲ್ಲಿ ಹೊಳೆಯುವ ಟೈಲ್ಸ್, ಅಡುಗೆಮನೆಗೆ ಗ್ರಾನೈಟ್. ಮಾಲೀಕರು ಹಿತ್ತಿಲ ಬಾಗಿಲು ಮಾತ್ರ ತೆಗೆಯಲಿಲ್ಲ, ಚಿಲಕ ಕೆಟ್ಟಿದೆಯಂತೆ. ಪಕ್ಕದ ಓಣಿಯಿಂದ ಸುತ್ತಿ ಹೋದೆ. ಬಚ್ಚಲ ಗೋಡೆಗೂ ಧರೆಗೂ ನಡುವೆ ಒಬ್ಬ ಮನುಷ್ಯ ಅಡ್ಡ ತಿರುಗಿ ನಡೆಯುವಷ್ಟು ಸಂದಿ. ಧರೆಯ ಮೈಮೇಲೆ ಜೆಸಿಬಿ ಹಲ್ಲಿನ ಗೀರು ಹೊಸದಾಗಿತ್ತು. ಬುಡದಲ್ಲಿ ಚೂರು ಜಾಗ ಜೌಗಾಗಿ ಹಸಿರು ಪಾಚಿ ಹಿಡಿದಿತ್ತು, ಅದೂ ಸುಡು ಏಪ್ರಿಲ್‌ನಲ್ಲಿ. ಬೇಸಿಗೆಯಲ್ಲೇ ಒರತೆ ಇದ್ದರೆ ಶ್ರಾವಣದಲ್ಲಿ ಏನಾದೀತು ಎಂದು ಕೇಳಿದೆ. 'ನೀವು ತುಂಬಾ ಯೋಚನೆ ಮಾಡ್ತೀರಿ' ಅಂದರು.

ಧರೆಯಿಂದ ಮನೆ ಎಷ್ಟು ದೂರ ಇರಬೇಕು? ಜಪಾನೂ ನಮ್ಮ ಹಾಗೆ ಗುಡ್ಡ ಮಳೆಯ ದೇಶ. ಅಲ್ಲಿ 2000ದಲ್ಲಿ ಒಂದು ಕಾನೂನು ಮಾಡಿದರು. ಐದು ಮೀಟರ್ ಅಥವಾ ಅದಕ್ಕಿಂತ ಎತ್ತರದ ಕಡಿದಾದ ಧರೆಯಿದ್ದರೆ, ಬುಡದಿಂದ ಅದರ ಎತ್ತರದ ಎರಡರಷ್ಟು ದೂರದವರೆಗೆ ಎಚ್ಚರಿಕೆಯ ಜಾಗ ಎಂದು ಗುರುತು ಮಾಡುತ್ತಾರೆ. ಗುರುತಾದ ಜಾಗದ ಮನೆಯನ್ನು ಬಾಡಿಗೆಗೆ ಕೊಡಿಸುವ ಏಜೆಂಟ್ ಅದನ್ನು ಮೊದಲೇ ಹೇಳಬೇಕು. ನಮ್ಮಲ್ಲಿ ಮನೆ ತೋರಿಸುವವರು ಹಿಂಬಾಗಿಲು ತೆಗೆದರೆ ಅದೇ ದೊಡ್ಡದು. ನೀವೇ ಅಂದಾಜು ಮಾಡಿಕೊಳ್ಳಿ: ಧರೆ ಎಷ್ಟು ಎತ್ತರವೋ ಮನೆ ಅದರ ಎರಡರಷ್ಟು ದೂರ. ಮತ್ತೆ ಹೇಳುತ್ತೇನೆ, ಎರಡರಷ್ಟು.

ಸಮಯ ಓಡುತ್ತಿದೆ, ಉಳಿದದ್ದು ಬೇಗಬೇಗ. ತಾರಸಿಯ ಮೇಲೆ ಶೀಟು ಹೊದಿಸಿದ ಮನೆ ಚೆಂದ ಕಾಣದು, ಆದರೆ ಅದನ್ನೇ ಹಿಡಿಯಿರಿ. ಪಡುವಣ ಗೋಡೆಗೆ ಇರಚಲು ಹೊಡೆದು ಬಣ್ಣ ಎದ್ದಿದೆಯೇ ನೋಡಿ. ಮಾಲೀಕರನ್ನು ಬಿಟ್ಟು ಪಕ್ಕದ ಮನೆಯ ಅಜ್ಜಿಯನ್ನು ಮಾತಾಡಿಸಿ. ಮಳೆಗಾಲದಲ್ಲಿ ಕರೆಂಟು ಎಷ್ಟು ದಿನ ಇರುವುದಿಲ್ಲ, ಆನೆ ಯಾವ ದಾರಿಯಲ್ಲಿ ಓಡಾಡುತ್ತದೆ, ಎಲ್ಲ ಅವರಿಗೆ ಗೊತ್ತು. ಹೊರನಾಡಿನ ಕಡೆ ಮನೆ ಹಿಡಿದು ಕಳಸಕ್ಕೆ ಕೆಲಸಕ್ಕೆ ಹೋಗುವವರು ಭದ್ರೆ ಉಕ್ಕಿದಾಗ ಹೆಬ್ಬಾಳೆ ಸೇತುವೆ ಮುಳುಗುತ್ತದೆ ಎಂಬುದನ್ನು ಮರೆಯಬೇಡಿ. ಬಸ್ಸು ನಂಬಿ ಮನೆ ಮಾಡುವುದಾದರೆ ಬೇರೆ ದಾರಿಯೂ ಇರಲಿ. 2020ರಲ್ಲಿ ಕೊಪ್ಪದ ಸಹಕಾರ ಸಾರಿಗೆ ನಿಂತಾಗ ಎಷ್ಟೋ ಊರಿನ ಜನ ರಸ್ತೆಯಲ್ಲೇ ನಿಂತರು. ತೇಜಸ್ವಿಯವರ ಪುಸ್ತಕ ಓದಿ ಮೂಡಿಗೆರೆಯಲ್ಲಿ ಕಾಡಂಚಿನ ಮನೆಯೇ ಬೇಕು ಅನ್ನುವ ಹುಡುಗರಿಗೆ ನನ್ನ ವಿರೋಧವಿಲ್ಲ. ಒಂದು ಮಳೆಗಾಲ ಪೇಟೆ ಪಕ್ಕದ ಹ್ಯಾಂಡ್‌ಪೋಸ್ಟ್ ಹತ್ತಿರ ಇದ್ದು, ಆಮೇಲೆ ಹೋಗಿ.

ಈಗಾಗಲೇ ಧರೆ ಕೆಳಗೆ ಮನೆ ಮಾಡಿ ಕೂತವರೂ ಇದನ್ನು ಕೇಳುತ್ತಿರಬಹುದು. ಹಿಂದಿನ ಚರಂಡಿಯ ಎಲೆ, ಮಣ್ಣು ತೆಗೆದು ನೀರು ಹರಿಯುವಂತೆ ಮಾಡಿ. ಧರೆಯ ಮೇಲೆ ಉದ್ದ ಬಿರುಕು ಕಂಡರೆ, ತಿಳಿಯಾಗಿದ್ದ ಒರತೆ ಕೆಂಪಾದರೆ, ಸಾಮಾನು ಕಟ್ಟುತ್ತಾ ಕೂರದೆ ಹೊರಡಿ, ಪಂಚಾಯಿತಿಗೆ ಆಮೇಲೆ ಫೋನ್ ಮಾಡಿ. ಜೋರು ಮಳೆಯ ರಾತ್ರಿ ಮಕ್ಕಳನ್ನು ಹಿಂದಿನ ಕೋಣೆಯಲ್ಲಿ ಮಲಗಿಸಬೇಡಿ. ಹಾಸಿಗೆ ಜಗಲಿ ಕಡೆಗೆ ತನ್ನಿ.